ಪರದೇಶದಲ್ಲಿ ಕೈಕೊಟ್ಟ ಹಾರ್ಡ್ ಡಿಸ್ಕ್, ಊರಿನಲ್ಲಿ ಬೀಗ ಹಾಕಿದ ಕಪಾಟು

ವಿದೇಶದ ವ್ಯಾಪಾರ ಮೇಳಕ್ಕೆ ಹೊರಡುವ ನಮ್ಮ ಸಣ್ಣ ಉದ್ಯಮಿಯ ಸಿದ್ಧತೆಯಲ್ಲಿ ಲೋಪ ಹುಡುಕುವುದು ಕಷ್ಟ. ವೀಸಾ, ವಿಮಾನದ ಟಿಕೆಟ್, ಪ್ರವಾಸ ವಿಮೆ, ಬಣ್ಣದಲ್ಲಿ ಮುದ್ರಿಸಿದ ಕ್ಯಾಟಲಾಗು, ಮಾದರಿ ವಸ್ತುಗಳು, ಜೊತೆಗೆ ಒಂದು ವಾರಕ್ಕೆ ಸಾಲುವಷ್ಟು ಚಟ್ನಿಪುಡಿ, ಎಲ್ಲವೂ ಪಟ್ಟಿಯಂತೆ ಪೆಟ್ಟಿಗೆ ಸೇರುತ್ತವೆ. ಆದರೆ ಮೇಳದಲ್ಲಿ ನಡೆಯಬೇಕಾದ ನಿಜವಾದ ವ್ಯಾಪಾರವೆಲ್ಲ ಕೈಚೀಲದ ಲ್ಯಾಪ್‌ಟಾಪ್‌ನಲ್ಲಿರುತ್ತದೆ. ದರಪಟ್ಟಿ, ವೆಚ್ಚದ ಲೆಕ್ಕ, ಗ್ರಾಹಕರ ಡ್ರಾಯಿಂಗ್‌ಗಳು, ಹಿಂದಿನ ಪತ್ರವ್ಯವಹಾರ ಎಲ್ಲವೂ ಅದರಲ್ಲೇ. ಅದು ನಿಂತುಹೋದರೆ ಏನು ಮಾಡಬೇಕೆಂಬ ಸಾಲು ಮಾತ್ರ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ನನ್ನ ಪಟ್ಟಿಯಲ್ಲಿಯೂ ಇರಲಿಲ್ಲ.

2015ರ ಏಪ್ರಿಲ್‌ನಲ್ಲಿ ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೆ ಭಾರತವು ಪಾಲುದಾರ ರಾಷ್ಟ್ರವಾಗಿತ್ತು. ಬೆಳಗಾವಿಯಲ್ಲಿ ಎರಕದ ವಾಲ್ವ್ ಬಾಡಿಗಳನ್ನು ತಯಾರಿಸುವ ನಾನೂ ಆ ಉತ್ಸಾಹದಲ್ಲಿ ಹೊರಟಿದ್ದೆ. ಫ್ರಾಂಕ್‌ಫರ್ಟ್‌ನಿಂದ ಹ್ಯಾನೋವರ್‌ಗೆ ಹೋಗುವ ರೈಲಿನಲ್ಲಿ ಕಡೆಯ ನಿಮಿಷದವರೆಗೂ ದರಗಳನ್ನು ತಿದ್ದುತ್ತ ಕುಳಿತಿದ್ದವನು, ನಿಲ್ದಾಣ ಬಂದಿತೆಂದು ಲ್ಯಾಪ್‌ಟಾಪ್ ಮುಚ್ಚಿ ಆ ಕ್ಷಣವೇ ಚೀಲಕ್ಕೆ ತುರುಕಿದೆ. ಇಳಿಯುವ ಗಡಿಬಿಡಿಯಲ್ಲಿ ಚೀಲ ಕೈಜಾರಿ ಬಿತ್ತು. ಡಿಸ್ಕ್ ಆಗ ಇನ್ನೂ ತಿರುಗುತ್ತಿತ್ತೆಂದು ಈಗ ಅರ್ಥವಾಗುತ್ತದೆ. ಅಂದು ಸಂಜೆ ಕೋಣೆ ಸೇರಿ ಚಾಲನೆ ಮಾಡಿದರೆ ಕಪ್ಪು ಪರದೆ, ಒಳಗಿನಿಂದ ಗಡಿಯಾರದಂತೆ ಟಕ್ ಟಕ್ ಎಂಬ ಸದ್ದು.

ಆ ಸದ್ದಿನ ಅರ್ಥವನ್ನು ತಿಳಿದಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು. ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್‌ನಲ್ಲಿ ಕನ್ನಡಿಯಂತಹ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ಪೆಟ್ಟು ಬಿದ್ದು ಆ ಮುಳ್ಳು ಕೆಟ್ಟರೆ ಅದು ತನ್ನ ಜಾಡನ್ನು ಹುಡುಕಿ ಸಿಗದೆ ಮತ್ತೆ ಮತ್ತೆ ಹಿಂದಿರುಗುತ್ತದೆ. ಕೇಳುವ ಸದ್ದು ಅದರದೇ. ಪ್ರತಿ ಬಾರಿ ಚಾಲನೆ ಮಾಡಿದಾಗಲೂ ಕೆಟ್ಟ ಮುಳ್ಳು ತಟ್ಟೆಯನ್ನು ಗೀರುವ ಸಂಭವವಿರುತ್ತದೆ. ಗೀರಿದಲ್ಲಿ ಇದ್ದದ್ದು ಮತ್ತೆ ಬಾರದು. ನಾನಾದರೋ ಆ ರಾತ್ರಿ ಕನಿಷ್ಠ ಎಂಟು ಬಾರಿ ಚಾಲನೆ ಮಾಡಿ ನೋಡಿದೆ. ಲೇತ್ ಮೆಷಿನ್‌ನಲ್ಲಿ ಬೇರಿಂಗ್ ಸದ್ದು ಮಾಡಿದರೆ ತಕ್ಷಣ ಸ್ವಿಚ್ ಆರಿಸುವ ನಾವು, ಇಲ್ಲಿ ಮಾತ್ರ ದೇವರ ಮೇಲೆ ಭಾರ ಹಾಕಿ ಗುಂಡಿ ಒತ್ತುತ್ತಲೇ ಇರುತ್ತೇವೆ.

ಅಂದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ರೈಲು ನಿಲ್ದಾಣದ ಕೆಲವು ಅಂಗಡಿಗಳ ಹೊರತು ವ್ಯಾಪಾರವೆಲ್ಲ ಬಂದ್. ಸೋಮವಾರ ಬೆಳಿಗ್ಗೆ ತೆರೆದ ಒಂದು ಅಂಗಡಿಯವರು ಸದ್ದನ್ನು ಕೇಳಿದೊಡನೆ ತಲೆಯಾಡಿಸಿದರು. ಹೊಸ ಡಿಸ್ಕ್ ಹಾಕಿಕೊಡಬಹುದು. ಹಳೆಯದರಲ್ಲಿರುವುದು ಬೇಕಾದರೆ ಬೇರೆ ನಗರದ ಪ್ರಯೋಗಾಲಯಕ್ಕೆ ಕಳುಹಿಸಬೇಕು, ವಾರಗಳಾಗುತ್ತವೆ, ಖರ್ಚಿಗೆ ಮಿತಿ ಹೇಳಲಾಗದು ಎಂದರು. ನನ್ನನ್ನು ಹಿಂಜರಿಯುವಂತೆ ಮಾಡಿದ್ದು ಹಣವೊಂದೇ ಅಲ್ಲ. ಆ ಡಿಸ್ಕ್‌ನಲ್ಲಿ ಇಬ್ಬರು ಗ್ರಾಹಕರ ಡ್ರಾಯಿಂಗ್‌ಗಳಿದ್ದವು. ಅವುಗಳನ್ನು ಮೂರನೆಯವರಿಗೆ ಕೊಡುವುದಿಲ್ಲವೆಂದು ಸಹಿ ಮಾಡಿಕೊಟ್ಟಿದ್ದೆ. ಪರಿಚಯವಿಲ್ಲದವರ ಕೈಗೆ ಅದನ್ನು ಒಪ್ಪಿಸಿ ಬಂದರೆ ಆ ಮಾತು ಮುರಿದಂತೆಯೇ. ವಾರಂಟಿಯೂ ನೆರವಾಗಲಿಲ್ಲ. ಅದು ಯಂತ್ರಕ್ಕೆ ಇರುತ್ತದೆಯೇ ಹೊರತು ಒಳಗಿನ ಮಾಹಿತಿಗೆ ಅಲ್ಲ. ಬದಲಿ ಡಿಸ್ಕ್ ಪಡೆಯಬೇಕಾದರೆ ಹಳೆಯದನ್ನು ಹಿಂದಿರುಗಿಸಬೇಕೆಂಬ ಷರತ್ತು ಬೇರೆ. ಹಾಳಾದ ಡಿಸ್ಕನ್ನು ಬಿಚ್ಚಿಸಿ, ಅಂಗಿಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮೇಳಕ್ಕೆ ಹೋದೆ. ಇಂತಹ ಸ್ಥಿತಿಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಮಂಗಳವಾರ ಮಧ್ಯಾಹ್ನ ಒಂದು ಪಂಪ್ ತಯಾರಿಕಾ ಸಂಸ್ಥೆಯೊಡನೆ ದರ ಮಾತನಾಡಬೇಕಿತ್ತು. ಹಾಗಾದರೆ ಪ್ರತಿ ಎಲ್ಲಿತ್ತು ಎಂದು ಓದುಗರು ಕೇಳಬಹುದು. ಇತ್ತು. ಜನವರಿಯಲ್ಲಿ ಮಾಡಿದ ಒಂದು ಪ್ರತಿ, ಹೊರಗೆ ಜೋಡಿಸುವ ಡಿಸ್ಕ್‌ನಲ್ಲಿ, ಮನೆಯ ಕಬ್ಬಿಣದ ಕಪಾಟಿನಲ್ಲಿ. ಕಪಾಟಿನ ಬೀಗದ ಕೈ ಹ್ಯಾನೋವರ್‌ನಲ್ಲಿ, ನನ್ನ ಜೇಬಿನಲ್ಲಿ.

ಏಕೆ ಹೀಗೆ? ನಮ್ಮ ಸದಸ್ಯರಲ್ಲಿ ಅನೇಕರಿಗೆ ಉತ್ತರ ತಿಳಿದೇ ಇದೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿದ್ದ ಒಬ್ಬರು ಕೆಲಸ ಬಿಟ್ಟು ಪ್ರತಿಸ್ಪರ್ಧಿಗಳಲ್ಲಿಗೆ ಹೋದಾಗ ನಮ್ಮ ದರಗಳೂ ಅವರೊಂದಿಗೆ ಹೋಗಿದ್ದವು. ಅಂದಿನಿಂದ ವೆಚ್ಚದ ಲೆಕ್ಕವನ್ನು ಕಚೇರಿಯ ಕಂಪ್ಯೂಟರ್‌ಗಳಿಂದ ತೆಗೆದು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟುಕೊಂಡಿದ್ದೆ. ಇದನ್ನು ನಾವು ಜಾಗರೂಕತೆ ಎಂದು ಕರೆಯುತ್ತೇವೆ. ಕಳ್ಳನ ಭಯಕ್ಕೆ ಮನೆಯ ಒಡವೆಯನ್ನೆಲ್ಲ ಮೈಮೇಲೆ ಹೇರಿಕೊಂಡು ಜಾತ್ರೆಗೆ ಹೋದ ಹಾಗೆ ಅದು.

ಮುಂದಿನದು ದೂರವಾಣಿಯಲ್ಲಿ ನಡೆಯಿತು. ಬೇಸಿಗೆಯಲ್ಲಿ ಜರ್ಮನಿಯ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ನನ್ನ ನಸುಕಿನಲ್ಲಿಯೇ ಬೆಳಗಾವಿಯ ಕಾರ್ಖಾನೆ ತೆರೆದಿರುತ್ತಿತ್ತು. ನಮ್ಮ ಮನೆಯವರು ಬೀಗ ಒಡೆಯುವವರನ್ನು ಕರೆಸಿ ಕಪಾಟು ತೆರೆಸಿದರು. ಜನವರಿಯ ಲೆಕ್ಕವನ್ನು ಗುಮಾಸ್ತರು ಇ-ಮೇಲ್ ಮೂಲಕ ಕಳುಹಿಸಿದರು. ಅದರಲ್ಲಿ ಪಿಗ್ ಐರನ್ ದರ ಹಳೆಯದು, ಅದನ್ನು ತಿದ್ದಬಹುದಿತ್ತು. ಪ್ರತಿ ಬಾಡಿಗೆ ತಗಲುವ ಮೆಷಿನಿಂಗ್ ಸಮಯದ ಬಗ್ಗೆ ಸಂಶಯವಾಗಿ ನಮ್ಮ ಹಿರಿಯ ಸೂಪರ್‌ವೈಸರ್ ಅವರನ್ನು ಕೇಳಿದೆ. “ಶೀಟಿನ್ಯಾಗ ಏನೈತೋ ನನಗ ಗೊತ್ತಿಲ್ರಿ ಸಾಹೇಬ್ರ. ಆದ್ರ ಆ ಬಾಡಿಗೆ ಹನ್ನೊಂದು ನಿಮಿಷ ಬೇಕ್ರಿ” ಎಂದರು. ಶೀಟಿನಲ್ಲಿದ್ದದ್ದು ಒಂಬತ್ತು. ರೈಲಿನಲ್ಲಿ ನಾನು ತಿದ್ದುತ್ತಿದ್ದ ಲೆಕ್ಕದಲ್ಲಿಯೂ ಒಂಬತ್ತೇ ಇತ್ತು. ಎರಡು ವರ್ಷಗಳಿಂದ ತಪ್ಪು ಅಂಕಿಯ ಮೇಲೆ ದರ ಕೊಡುತ್ತಿದ್ದೆ. ಆ ಲೆಕ್ಕವನ್ನು ಯಾರಿಗೂ ತೋರಿಸದ್ದರಿಂದ ತಿದ್ದುವವರೂ ಇರಲಿಲ್ಲ.

ಇದನ್ನು ಕೇಳಿ ಎಲ್ಲವೂ ಒಳ್ಳೆಯದಕ್ಕೇ ಆಯಿತೆಂದು ಭಾವಿಸಬಾರದು. ಯುರೋಪಿಗೆ ಕಳುಹಿಸುವ ಮರದ ಪೆಟ್ಟಿಗೆಗಳು ಶಾಖೋಪಚಾರಗೊಂಡು ಮುದ್ರೆ ಪಡೆದಿರಬೇಕೆಂಬುದು ರಫ್ತು ಮಾಡುವವರಿಗೆಲ್ಲ ತಿಳಿದ ನಿಯಮ. ಆ ಪ್ಯಾಕಿಂಗ್ ವೆಚ್ಚವನ್ನು ಫೆಬ್ರವರಿಯಲ್ಲಿ ಬೇರೆಯೇ ಸಾಲಾಗಿ ಸೇರಿಸಿದ್ದೆ; ಜನವರಿಯ ಪ್ರತಿಯಲ್ಲಿ ಅದು ಇರಲಿಲ್ಲ, ಗಡಿಬಿಡಿಯಲ್ಲಿ ನನಗೆ ನೆನಪಾಗಲಿಲ್ಲ. ಆದೇಶ ಸಿಕ್ಕಿತು, ಒಂದು ವರ್ಷದ ಸ್ಥಿರ ದರಕ್ಕೆ. ಆ ವರ್ಷವಿಡೀ ಪ್ರತಿ ಪೆಟ್ಟಿಗೆಯ ಮರದ ದುಡ್ಡನ್ನು ನಾನೇ ತೆತ್ತೆ. ಊರಿಗೆ ಮರಳಿದ ಮೇಲೆ ಬೆಂಗಳೂರಿನ ಒಂದು ಪ್ರಯೋಗಾಲಯದವರು ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆದು ಹಳೆಯ ಕಡತಗಳನ್ನು ಬಹುಮಟ್ಟಿಗೆ ತೆಗೆದುಕೊಟ್ಟರು. ಇತ್ತೀಚಿನವು ಗೀರುಗಳೊಂದಿಗೆ ಹೋಗಿದ್ದವು.

ಈಗ ಕಾಲ ಬದಲಾಗಿದೆ, ತಿರುಗುವ ತಟ್ಟೆಗಳೇ ಇಲ್ಲದ ಎಸ್‌ಎಸ್‌ಡಿ ಬಂದಿದೆ, ಎಲ್ಲವೂ ಕ್ಲೌಡ್‌ನಲ್ಲಿರುತ್ತದೆ ಎಂದು ಕಿರಿಯ ಸದಸ್ಯರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ಎಸ್‌ಎಸ್‌ಡಿ ಬಿದ್ದರೆ ಸುಲಭವಾಗಿ ಕೆಡದು. ಆದರೆ ಕೆಟ್ಟಾಗ ಟಕ್ ಎಂಬ ಮುನ್ಸೂಚನೆಯನ್ನೂ ಕೊಡದೆ ಸುಮ್ಮನಾಗಬಹುದು. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬಿಚ್ಚಿ ತರುವ ದಾರಿಯೂ ಇಲ್ಲ. ಹೊಸ ಯಂತ್ರಗಳಲ್ಲಿ ಮಾಹಿತಿ ತಾನಾಗಿಯೇ ಗೂಢಲಿಪಿಗೆ ಒಳಗಾಗಿರುತ್ತದೆ. ಅದರ ಮರುಪಡೆಯುವ ಕೀಲಿಸಂಖ್ಯೆ ನಿಮ್ಮ ಬಳಿ ಇಲ್ಲದಿದ್ದರೆ ಯಾವ ಪ್ರಯೋಗಾಲಯವೂ ಸಹಾಯ ಮಾಡಲಾರದು. ಇನ್ನು ಕ್ಲೌಡ್. ಪರದೇಶದ ಅಪರಿಚಿತ ಕಂಪ್ಯೂಟರ್‌ನಿಂದ ಪ್ರವೇಶಿಸಲು ಹೋದರೆ ಅದು ಒಟಿಪಿ ಕೇಳುತ್ತದೆ. ಒಟಿಪಿ ಬರುವುದು ನಮ್ಮ ಭಾರತದ ಸಿಮ್‌ಗೆ, ಆ ಸಿಮ್‌ನ ರೋಮಿಂಗನ್ನು ನಾವು ಖರ್ಚು ಉಳಿಸಲೆಂದು ನಿಲ್ಲಿಸಿರುತ್ತೇವೆ! ಮೇಲಾಗಿ ಒಂದೆಡೆ ಅಳಿಸಿದ ಅಥವಾ ಕೆಟ್ಟ ಕಡತ ಕ್ಲೌಡ್‌ನಲ್ಲಿಯೂ ಹಾಗೆಯೇ ಅಳಿಸಿಹೋಗುವ, ಕೆಡುವ ಸಾಧ್ಯತೆಯುಂಟು. ಹಳೆಯ ಆವೃತ್ತಿಗಳನ್ನು ಎಷ್ಟು ದಿನ ಉಳಿಸಿಡುತ್ತಾರೆಂಬುದನ್ನು ಮೊದಲೇ ನೋಡಿಕೊಂಡಿರಬೇಕು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಪ್ರಶ್ನೆ ಯಂತ್ರದ್ದಲ್ಲ. ಮಾಲೀಕನು ಇಲ್ಲದಾಗ ಸಂಸ್ಥೆಯ ದರವನ್ನು ಹೇಳಬಲ್ಲ ಇನ್ನೊಬ್ಬರು ಇರಬೇಕೇ ಬೇಡವೇ ಎಂಬುದು. ನಾನು ಈಗ ಒಬ್ಬರನ್ನು ನಂಬಿದ್ದೇನೆ. ಪೂರ್ತಿ ಲೆಕ್ಕದ ಪ್ರತಿ ಅವರ ಬಳಿಯೂ ಇದೆ. ಪಾಸ್‌ವರ್ಡ್ ಮತ್ತು ಕೀಲಿಸಂಖ್ಯೆಗಳ ಮೊಹರು ಮಾಡಿದ ಲಕೋಟೆ ನಮ್ಮ ಮನೆಯವರ ಬಳಿ ಇದೆ. ಅವರು ಮೋಸ ಮಾಡಲಾರರೇ ಎಂದು ಸ್ನೇಹಿತರು ಕೇಳುತ್ತಾರೆ. ಮಾಡಬಹುದು. ಅವರೂ ಕೆಲಸ ಬಿಟ್ಟು ಹೋಗಬಹುದು. ಆ ನಷ್ಟವನ್ನು ಒಮ್ಮೆ ಅನುಭವಿಸಿದ್ದೇನೆ, ಈ ನಷ್ಟವನ್ನೂ ಅನುಭವಿಸಿದ್ದೇನೆ. ಎರಡರಲ್ಲಿ ಈ ಎರಡನೆಯದೇ ಹೆಚ್ಚು ದುಬಾರಿಯಾಯಿತು.

ಸಣ್ಣ ವಿಷಯವೊಂದು ಉಳಿದಿದೆ. ಪರದೇಶದಲ್ಲಿ ಅನಿವಾರ್ಯವಾಗಿ ಹೊಸ ಲ್ಯಾಪ್‌ಟಾಪ್ ಕೊಂಡರೆ, ಮರಳುವಾಗ ವಯಸ್ಕ ಪ್ರಯಾಣಿಕರಿಗೆ ಸುಂಕ ವಿನಾಯಿತಿ ಇರುವುದು ಒಂದು ಲ್ಯಾಪ್‌ಟಾಪ್‌ಗೆ. ಕೆಟ್ಟದ್ದೂ ಸೇರಿ ಎರಡಾದಾಗ, ಹಳೆಯದು ಇಲ್ಲಿಂದಲೇ ಹೋದದ್ದೆಂದು ತೋರಿಸಲು ಹೊರಡುವಾಗಲೇ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಪಡೆದಿರುವುದು ಲೇಸು. ಜರ್ಮನಿಯಲ್ಲಿ ಕೊಂಡರೆ ಕೀಲಿಮಣೆಯಲ್ಲಿ ವೈ ಮತ್ತು ಝಡ್ ಅಕ್ಷರಗಳು ಅದಲುಬದಲಾಗಿರುತ್ತವೆ. ಅವಸರದಲ್ಲಿ ಪಾಸ್‌ವರ್ಡ್ ತಪ್ಪುವುದು ಅಲ್ಲಿಯೇ.

ನಮ್ಮ ಸಂಸ್ಥೆಯು ನಿಯೋಗಗಳನ್ನು ಕಳುಹಿಸುವ ಮುನ್ನ ಒಂದು ಸಭೆ ನಡೆಸುತ್ತದೆ. ಅಲ್ಲಿ ವೀಸಾ, ಮಳಿಗೆ, ಉಡುಪಿನ ವಿಷಯ ಬರುತ್ತದೆ. ಮುಂದಿನ ಸಭೆಯಲ್ಲಿ ಇದಕ್ಕೂ ಅರ್ಧ ಗಂಟೆ ಕೊಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಹೊರಡುವವರು ಪ್ರತಿಯೊಬ್ಬರೂ ತಮ್ಮ ಲ್ಯಾಪ್‌ಟಾಪ್ ಮುಚ್ಚಿಟ್ಟು, ಅದಿಲ್ಲದೆ ಒಂದು ದರಪತ್ರವನ್ನು ಅಲ್ಲಿಯೇ ಸಿದ್ಧಪಡಿಸಿ ತೋರಿಸಲಿ. ನನ್ನ ಆ ಡಿಸ್ಕ್ ಇನ್ನೂ ಮೇಜಿನ ಡ್ರಾಯರ್‌ನಲ್ಲಿದೆ. ಬೇಕಿದ್ದರೆ ಸಭೆಗೆ ತರುತ್ತೇನೆ.