ಎರಡು ಮರಿ ಒಟ್ಟಿಗೆ ಬೇಡ ಕಣ್ರೀ

ಹೋದ ವಾರ ನಮ್ಮ ವಾರಗಿತ್ತಿ ಫೋನ್ ಮಾಡಿದ್ಲು. "ಅಕ್ಕಾ, ನಮ್ಮ ಬೀದೀಲಿ ನಾಯಿ ಮರಿ ಹಾಕಿದೆ. ಎರಡು ತುಂಬಾ ಮುದ್ದಾಗಿದಾವೆ, ಎರಡನ್ನೂ ತಂದ್ಬಿಡ್ಲಾ? ಒಂದಕ್ಕೊಂದು ಜೊತೆ ಆಗುತ್ತೆ" ಅಂದ್ಲು. ನಾನು ಒಂದೇ ಉಸಿರಿಗೆ "ಬೇಡ" ಅಂದೆ. ಅವಳಿಗೆ ಬೇಜಾರಾಯ್ತು. "ಯಾಕೆ, ನಿಮ್ಮನೇಲಿ ಎರಡಿಲ್ವಾ?" ಅಂತ ಕೇಳಿದ್ಲು. ಇದಾವೆ ಕಣೇ, ಅದಕ್ಕೇ ಹೇಳ್ತಿರೋದು. ಆವಾಗ ಒಲೆ ಮೇಲೆ ಸಾರು ಉಕ್ತಿತ್ತು, ಪೂರ್ತಿ ಹೇಳಕ್ಕಾಗ್ಲಿಲ್ಲ. ಈಗ ಇಲ್ಲಿ ಬರೀತಿದೀನಿ, ನೀವೂ ಎಲ್ಲಾ ಓದ್ಕೊಳ್ಳಿ. ಯಾಕಂದ್ರೆ ಈ ಮರಿಗಳನ್ನ ತರೋರು ಮಕ್ಕಳು, ಮುದ್ದಾಡೋರು ಗಂಡಸರು, ಸಾಕೋರು ನಾವು.

ನಮ್ಮನೆಗೂ ಹೀಗೇ ಬಂದಿದ್ದು. ಕುವೆಂಪುನಗರದ ನಮ್ಮ ರಸ್ತೇಲಿ ಒಂದು ತಾಯಿನಾಯಿ ಕಾರಿಗೆ ಸಿಕ್ಕಿ ಸತ್ತೋಯ್ತು. ಎರಡು ತಿಂಗಳ ಎರಡು ಮರಿ ಉಳ್ಕೊಂಡ್ವು, ಅಕ್ಕ ತಮ್ಮ. ಮಗಳು ಸೆರಗಲ್ಲಿ ಹೂ ತರೋ ಹಾಗೆ ದುಪಟ್ಟಾದಲ್ಲಿ ಕಟ್ಕೊಂಡು ಬಂದ್ಲು, ರಾಗಿ, ಬೆಲ್ಲ ಅಂತ ಹೆಸರಿಟ್ಲು, ಮುಂದಿನ ತಿಂಗಳು ಕೆಲಸ ಸಿಕ್ತು ಅಂತ ಬೆಂಗಳೂರಿಗೆ ಹೋದ್ಲು. ನಾನೂ ಆವಾಗ "ಒಬ್ಬರಿಗಿಂತ ಇಬ್ಬರು ಲೇಸು, ಅವವೇ ಆಡ್ಕೊಂಡಿರ್ತವೆ, ನನಗೆ ಕೆಲಸ ಕಮ್ಮಿ" ಅಂದ್ಕೊಂಡೆ. ಇಲ್ಲೇ ನಾನು ತಪ್ಪಿದ್ದು. ಎರಡು ಮರಿ ಅಂದ್ರೆ ಕೆಲಸ ಎರಡರಷ್ಟಲ್ಲ ಕಣ್ರೀ, ನಾಕರಷ್ಟು.

ನಾಕು ತಿಂಗಳವರೆಗೆ ಏನೂ ಗೊತ್ತಾಗಲ್ಲ. ಹಾಲನ್ನ ತಿಂದು ಒಂದರ ಮೇಲೊಂದು ಮಲಗಿರ್ತವೆ, ನೋಡಕ್ಕೆ ಎರಡು ಕಣ್ಣು ಸಾಲದು. ಆರು ತಿಂಗಳು ತುಂಬಿದ ಮೇಲೆ ಶುರು. ನಾಯಿಗಳಿಗೂ ಹರೆಯ ಅಂತ ಇದೆ, ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ. ಮೈಯೆಲ್ಲಾ ದೊಡ್ಡ ನಾಯಿ, ಬುದ್ಧಿ ಇನ್ನೂ ಮರಿ. ನಿನ್ನೆ "ಬಾ" ಅಂದ್ರೆ ಬರ್ತಿದ್ದು ಇವತ್ತು ಮುಖ ನೋಡಿ ಆಚೆ ಓಡುತ್ತೆ. ಹೈಸ್ಕೂಲ್ ಹುಡುಗರನ್ನ ಸಾಕಿದೋರಿಗೆ ಇದು ಹೊಸದೇನಲ್ಲ. ಆದ್ರೆ ಒಂದೇ ಇದ್ರೆ ಅದು ನಮ್ಮ ಮುಖ ನೋಡುತ್ತೆ. ಎರಡಿದ್ರೆ ಒಂದರ ಮುಖ ಇನ್ನೊಂದು ನೋಡ್ತವೆ. ನಾವು ಬರೀ ಅನ್ನ ಹಾಕೋರು. ಬೆಳಿಗ್ಗೆ ಪೇಪರ್ ಹುಡುಗ ಬಂದ್ರೆ ರಾಗಿ ಒಂದ್ಸಲ ಬೊಗಳೋಳು, ಅವಳು ಬೊಗಳಿದ್ಲು ಅಂತ ಬೆಲ್ಲ, ಅವನು ಬೊಗಳಿದ ಅಂತ ಮತ್ತೆ ಅವಳು. ಕಸದ ಆಟೋ ಹಾಡು ಹಾಕ್ಕೊಂಡು ಬಂದ್ರಂತೂ ಗೇಟು ಕಿತ್ಕೊಂಡು ಬರೋ ಹಾಗೆ ಗಲಾಟೆ. ಎದುರುಮನೆಯೋರು ಅರಿಶಿನ ಕುಂಕುಮಕ್ಕೆ ಬರೋದನ್ನೇ ಬಿಟ್ರು, ಅವರ ಮೊಮ್ಮಗಳಿಗೆ ಭಯ ಅಂತ. ಇಪ್ಪತ್ತು ವರ್ಷದ ಸ್ನೇಹ.

ಆಷಾಢದಲ್ಲಿ ಒಂದು ಸಂಜೆ ನಮ್ಮತ್ತೆ ತುಳಸಿಗೆ ದೀಪ ಹಚ್ತಾ ಇದ್ರು. ಅವರಿಗೆ 81 ವರ್ಷ. ಹಿತ್ತಲಿಂದ ಎರಡೂ ಅಟ್ಟಿಸ್ಕೊಂಡು ಬಂದು ಹಿಂದಿನಿಂದ ಮಂಡಿಗೆ ಗುದ್ದಿದ್ವು. ಕಚ್ಚಲಿಲ್ಲ, ಕೋಪ ಅಲ್ಲ, ಬರೀ ಆಟ. ಅತ್ತೆ ಬಿದ್ರು, ಎಡಗೈ ಮಣಿಕಟ್ಟು ಮುರೀತು. ಸೊಂಟ ಆಗಿದ್ರೆ ಏನ್ಮಾಡ್ತಿದ್ವಿ ಅಂತ ಈಗಲೂ ರಾತ್ರಿ ಎಚ್ಚರ ಆದ್ರೆ ಎದೆ ಹೊಡ್ಕೊಳುತ್ತೆ. ಆ ಸಿಟ್ಟಲ್ಲಿ ನಾನು ಪೊರಕೆ ತಗೊಂಡು ಬೆಲ್ಲನಿಗೆ ನಾಕು ಬಾರಿಸ್ದೆ. ಅದರಿಂದ ಆಗಿದ್ದೇನು ಅಂದ್ರೆ, ನಾನು ಕಸ ಗುಡಿಸಕ್ಕೆ ಪೊರಕೆ ಹಿಡಿದ್ರೆ ಸಾಕು, ಅವನು ನಿಂತಲ್ಲೇ ಒಂದ ಮಾಡ್ಕೊಳಕ್ಕೆ ಶುರು ಮಾಡ್ದ. ಓಡೋದು ನಿಲ್ಲಿಸ್ಲಿಲ್ಲ. ಹೊಡೆತದಿಂದ ಅವನು ಕಲಿತಿದ್ದು ಪೊರಕೆಗೆ ಹೆದರೋದು ಅಷ್ಟೇ.

ಭಾನುವಾರ ಮನೆಮಂದಿಯೆಲ್ಲಾ ಸೇರಿದ್ರು. ಒಬ್ಬರು ಹೇಳಿದ್ರು, "ಕಾರಲ್ಲಿ ಕೂರಿಸ್ಕೊಂಡು ಹೋಗಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬಿಟ್ಬಿಡಿ. ಭಕ್ತರು ಪ್ರಸಾದ ಹಾಕ್ತಾರೆ, ಬದುಕ್ಕೊಳ್ತವೆ." ಆ ಕಡೆ ಚಿರತೆ ಓಡಾಡೋದು ಮೈಸೂರಿನೋರಿಗೆಲ್ಲಾ ಗೊತ್ತು. ಸಾಕಿದ ನಾಯಿನ ಹೀಗೆ ಉಪವಾಸಕ್ಕೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೇಲಿ ಅಪರಾಧ. ದಂಡ ಮಾತ್ರ ಮೊದಲನೇ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ. ಒಂದು ಸೀರೆಗೆ ಫಾಲ್ಸ್ ಹೊಲಿಸಕ್ಕೂ ಅದಕ್ಕಿಂತ ಜಾಸ್ತಿ ಆಗುತ್ತೆ! ಬೀದಿನಾಯಿ ವಿಷಯ 2025ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ನಾವೂ ಟಿವಿ ಮುಂದೆ ಕೂತು ಕಾರ್ಪೊರೇಷನ್ನ ಬೈದ್ವಿ. ಮನೆಯಿಂದ ಹೊರಗೆ ದಬ್ಬಿದ ನಾಯಿ ಬೀದಿನಾಯಿ ಆಗದೆ ಇನ್ನೇನಾಗುತ್ತೆ, ಅದನ್ನ ಯಾರೂ ಕೇಳ್ಲಿಲ್ಲ.

ಮಾತು ಮುಗಿಸಿದ್ದು ಅತ್ತೆ. ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಕೂತಿದ್ದೋರು, "ಅವಕ್ಕೇನು ಗೊತ್ತು? ನೀವು ಏನಾದ್ರೂ ಹೇಳ್ಕೊಟ್ಟಿದ್ರಾ?" ಅಂದ್ರು. ಯಾರೂ ಮಾತಾಡ್ಲಿಲ್ಲ. ಹೇಳ್ಕೊಟ್ಟಿರ್ಲಿಲ್ಲ, ನಿಜ. ಒಂದಕ್ಕೊಂದು ಜೊತೆ ಇದೆಯಲ್ಲ ಅಂತ ಬಿಟ್ಬಿಟ್ಟಿದ್ವಿ.

ಶ್ರಾವಣದಲ್ಲಿ ಅತ್ತೆ ಪ್ಲಾಸ್ಟರ್ ಬಿಚ್ಚಿಸ್ಕೊಂಡು ಬರೋವಾಗ ಸಯ್ಯಾಜಿರಾವ್ ರಸ್ತೇಲಿ ಆಟೋ ನಿಂತೋಯ್ತು. ದಸರಾ ಆನೆಗಳು ತಾಲೀಮಿಗೆ ಬನ್ನಿಮಂಟಪದ ಕಡೆ ಹೋಗ್ತಿದ್ವು. ಪ್ರತಿ ವರ್ಷ ನೋಡೋದೇ, ಆದ್ರೆ ಅವತ್ತು ಬೇರೆ ಥರ ಕಾಣಿಸ್ತು. 750 ಕೆಜಿ ಅಂಬಾರಿ ಹೊರೋ ಆನೆಗೂ ಮೊದಲನೇ ದಿನವೇ ಅಷ್ಟು ಹೊರಿಸಲ್ಲ. ಮೊದಲು ಬರೀ ನಡಿಗೆ, ಆಮೇಲೆ ಮರಳು ಮೂಟೆ, ಮೂಟೆ ಭಾರ ಸ್ವಲ್ಪ ಸ್ವಲ್ಪ ಜಾಸ್ತಿ, ಆಮೇಲೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಹೆದರಬಾರದು ಅಂತ ಮುಂಚೇನೇ ಫಿರಂಗಿ ಹಾರಿಸಿ ಅಭ್ಯಾಸ ಮಾಡಿಸ್ತಾರೆ. ಎಲ್ಲಕ್ಕಿಂತ ದೊಡ್ಡದು, ಒಂದೊಂದು ಆನೆಗೂ ಅದರದ್ದೇ ಮಾವುತ, ಅದರದ್ದೇ ಕಾವಾಡಿ. ಅಷ್ಟಿದ್ದೂ 2024ರಲ್ಲಿ ಧನಂಜಯ, ಕಂಜನ್ ಅನ್ನೋ ಎರಡು ಆನೆ ಜಗಳ ಆಡ್ಕೊಂಡು ಅರಮನೆ ಗೇಟು ದಾಟಿ ರಸ್ತೆಗೇ ಬಂದಿದ್ವಲ್ಲ! ನಮ್ಮನೇಲಿ ಎರಡು ಪ್ರಾಣಿಗೆ ಒಬ್ಬಳೇ ಮಾವುತಳು, ಅವಳಿಗೂ ಅಡುಗೆಮನೆ ಕೆಲಸ ಬೇರೆ. ಮನೆಗೆ ಹೋಗಿ ನಮ್ಮನೆಯೋರಿಗೆ ಹೇಳ್ದೆ, "ನಾಳೆಯಿಂದ ಬೆಲ್ಲ ನಿಮ್ಮದು, ರಾಗಿ ನಂದು."

ಆಮೇಲೆ ಏನೇನು ಮಾಡಿದ್ವಿ ಅಂತ ಹೇಳ್ತೀನಿ, ಎರಡಿರೋರಿಗೆ ಉಪಯೋಗ ಆದೀತು.

ಮೊದಲನೇದು ಹೆಸರು. ನಾವು ಯಾವಾಗ್ಲೂ "ರಾಗಿ-ಬೆಲ್ಲಾ" ಅಂತ ಒಟ್ಟಿಗೇ ಕೂಗ್ತಿದ್ವಿ. ಎರಡಕ್ಕೂ ತನ್ನ ಹೆಸರೇ ಗೊತ್ತಿರ್ಲಿಲ್ಲ! ಬೇರೆ ಬೇರೆ ಕೂಗಿ, ತಿರುಗಿ ನೋಡಿದ ತಕ್ಷಣ ಚೂರು ಪನೀರೋ ಕ್ಯಾರೆಟ್ಟೋ ಕೊಟ್ವಿ. ನಾಕೇ ದಿನಕ್ಕೆ ಬಂತು. ಎರಡನೇದು ಮಾತು. ಇವರು "ಸಿಟ್" ಅನ್ನೋರು, ನಾನು "ಕೂತ್ಕೋ", ಅತ್ತೆ "ಕೂರು", ಮಗಳು ವಿಡಿಯೋ ಕಾಲಲ್ಲಿ "ಸಿಟ್ ಡೌನ್ ಬೇಬಿ". ಪಾಪ, ಅವಕ್ಕೆ ಯಾವುದು ಅರ್ಥ ಆಗಬೇಕು? ಅತ್ತೆ ಮಾತೇ ಸಾಕು ಅಂತ ಎಲ್ಲರೂ "ಕೂರು" ಅಂತಲೇ ಹೇಳೋದು ಅಂತಾಯ್ತು.

ಮೂರನೇದು, ಬೇರೆ ಮಾಡೋದು. ಇದೇ ಕಷ್ಟ. ದಿನಾ ಬೆಳಿಗ್ಗೆ ನಾನು ರಾಗಿನ ಒಂದು ರಸ್ತೇಲಿ, ಇವರು ಬೆಲ್ಲನ್ನ ಇನ್ನೊಂದು ರಸ್ತೇಲಿ ಕರ್ಕೊಂಡು ಹೋಗೋದು. ಹಗ್ಗ ಎಳೆದ್ರೆ ನಿಂತ್ಬಿಡೋದು, ಸಡಿಲ ಬಿಟ್ರೆ ನಡೆಯೋದು. ಮೂಸಕ್ಕೆ ಬಿಡಬೇಕು, ಮೂಸಿದ್ರೆ ಓಡಿದಷ್ಟೇ ಸುಸ್ತಾಗುತ್ತೆ. ಹೇಳ್ಕೊಡೋದು ಒಂದ್ಸಲಕ್ಕೆ ಐದು ನಿಮಿಷ, ಆವಾಗ ಇನ್ನೊಂದು ರೂಮಲ್ಲಿ. ಮೊದಲನೇ ಮೂರು ದಿನ ಬೆಲ್ಲ ಅತ್ತ ಅಳುವಿಗೆ ಪಕ್ಕದ್ಮನೆಯೋರು "ಯಾಕ್ರೀ ಹೊಡೀತೀರಾ?" ಅಂತ ಕೇಳಿದ್ರು. ನಾವು ಮರಳು ಮೂಟೆ ಲೆಕ್ಕ ಹಿಡಿದ್ವಿ: ಇವತ್ತು ಎರಡು ನಿಮಿಷ, ನಾಳೆ ಐದು, ಆಮೇಲೆ ಹತ್ತು. ತಿಂಗಳಿಗೆ ಅರ್ಧ ಗಂಟೆ ಸುಮ್ನೆ ಮಲಗೋ ಹಾಗಾದ. ತಟ್ಟೆಯೂ ಬೇರೆ, ಮೂಲೆಯೂ ಬೇರೆ, ತಿಂದಾದ ತಕ್ಷಣ ತಟ್ಟೆ ಎತ್ತಿಡಬೇಕು. ಮಧ್ಯಾಹ್ನ ಎರಡು ಗಂಟೆ ಕಡ್ಡಾಯ ನಿದ್ದೆ. ನಿದ್ದೆಗೆಟ್ಟ ಮಗು ರಚ್ಚೆ ಹಿಡಿಯುತ್ತಲ್ಲ, ನಾಯಿಗಳೂ ಹಾಗೇ.

ಮೈಮೇಲೆ ಹಾರೋದಕ್ಕೆ ಒಂದೇ ಔಷಧಿ: ನಾಕು ಕಾಲೂ ನೆಲಕ್ಕೆ ಬರೋವರೆಗೆ ಮುಟ್ಟಬಾರದು, ಬೈಯಬಾರದು, ಬೆನ್ನು ತಿರುಗಿಸಿ ನಿಲ್ಲಬೇಕು. ಮನೆಯೋರೆಲ್ಲಾ ಮಾಡಿದ್ರೆ ಮಾತ್ರ ಇದು ನಡೆಯುತ್ತೆ. ನಮ್ಮನೆಯೋರು ಲುಂಗಿ ಉಟ್ಟಾಗ ಹಾರಿದ್ರೆ ಮುದ್ದು ಮಾಡೋರು, ಇಸ್ತ್ರಿ ಪ್ಯಾಂಟಲ್ಲಿ ಇದ್ದಾಗ ಹಾರಿದ್ರೆ ಕೂಗಾಡೋರು. ಲುಂಗಿ ಯಾವುದು ಪ್ಯಾಂಟು ಯಾವುದು ಅಂತ ನಾಯಿಗೆ ಹೇಗೆ ಗೊತ್ತಾಗಬೇಕು ಹೇಳಿ. ಅವರಿಗೆ ಕಲಿಸೋದೇ ಬೆಲ್ಲನಿಗೆ ಕಲಿಸೋದಕ್ಕಿಂತ ಕಷ್ಟ ಆಯ್ತು.

ಇನ್ನೊಂದು ಮಾತು, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಗಂಡು ಹೆಣ್ಣು ಒಂದೇ ಮನೇಲಿದ್ರೆ ಅಕ್ಕ ತಮ್ಮ ಅನ್ನೋದು ಅವಕ್ಕೆ ಗೊತ್ತಿರಲ್ಲ. ಆರೂವರೆ ತಿಂಗಳಿಗೇ ರಾಗಿಗೆ ಆಪರೇಷನ್ ಮಾಡಿಸಿದ್ವಿ, ಆಮೇಲೆ ಬೆಲ್ಲನಿಗೆ. "ಪಾಪ, ಒಂದ್ಸಲ ತಾಯಿಯಾಗ್ಲಿ" ಅಂದೋರು ಇದಾರೆ. ಹುಟ್ಟೋ ಆರು ಮರಿನ ನೀವು ತಗೊಂಡು ಹೋಗ್ತೀರಾ ಅಂದ್ರೆ ಮಾತಿಲ್ಲ. ರೇಬಿಸ್ ಲಸಿಕೆ ವರ್ಷಾ ವರ್ಷ, ಹುಳದ ಔಷಧಿ, ಎಲ್ಲಾ ಎರಡೆರಡು. ಮನೆ ಖರ್ಚಿನ ಪುಸ್ತಕದಲ್ಲಿ ಇದಕ್ಕೆ ಒಂದು ಪುಟ ಬಿಡಬೇಕು.

ಈಗ ಅವಕ್ಕೆ ಒಂದೂಕಾಲು ವರ್ಷ. ಪೂರ್ತಿ ಸರಿಹೋಗಿದಾವೆ ಅಂತ ಹೇಳಲ್ಲ. ಕಸದ ಆಟೋ ಬಂದ್ರೆ ರಾಗಿ ಇವತ್ತೂ ಬೊಗಳ್ತಾಳೆ, ಆದ್ರೆ "ಬಾ" ಅಂದ್ರೆ ಒಳಗೆ ಬರ್ತಾಳೆ. ಪೊರಕೆ ನಾನು ಬೆಲ್ಲನ ಮುಂದೆ ನೆಲದ ಮೇಲಿಟ್ಟು, ಸುತ್ತ ಕ್ಯಾರೆಟ್ ತುಂಡು ಹಾಕಿ, ಎರಡು ತಿಂಗಳು ಕಾದು ಅವನ ಭಯ ಬಿಡಿಸ್ದೆ. ಅವನು ಮರೆತ, ನಾನು ಮರೆತಿಲ್ಲ. ಅತ್ತೆ ದೀಪ ಹಚ್ಚೋವಾಗ ಎರಡೂ ಒಳಗೆ, ಗ್ರಿಲ್ ಚಿಲಕ ಹಾಕಿ. ಎಷ್ಟು ಕಲಿತಿದ್ರೂ ಈ ಚಿಲಕ ಮಾತ್ರ ತೆಗೆಯಲ್ಲ. ಸಂಕ್ರಾಂತಿಗೆ ಎದುರುಮನೆಯೋರು ಎಳ್ಳು ಬೀರಕ್ಕೆ ಬಂದಿದ್ರು, ಮೊಮ್ಮಗಳು ಗೇಟಿನ ಹೊರಗೇ ನಿಂತಿದ್ಲು. ಮುಂದಿನ ವರ್ಷಕ್ಕೆ ಒಳಗೆ ಬಂದಾಳು.

ನಾಯಿ ಬಾಲ ಯಾವಾಗ್ಲೂ ಡೊಂಕೇ ಅಂತ ಗಾದೆ ಹೇಳ್ತೀವಿ. ಬಾಲ ನೆಟ್ಟಗೆ ಮಾಡಕ್ಕೆ ಹೇಳಿದೋರು ಯಾರು? ತಲೆಗೆ ಹೇಳ್ಕೊಟ್ರೆ ಸಾಕು. ಹಾಗೆ ಹೇಳ್ಕೊಡಕ್ಕೆ ಮನೇಲಿ ಎಷ್ಟು ಜನ ಸಿದ್ಧ ಇದಾರೋ ಅಷ್ಟೇ ನಾಯಿ ಇರಬೇಕು, ಅದು ನನ್ನ ಅಭಿಪ್ರಾಯ. ಅಂಗಳ ಎಷ್ಟು ದೊಡ್ಡದಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ. ಆಗಲೇ ಎರಡು ತಂದಾಗಿದೆ, ಮನೇಲಿ ವಯಸ್ಸಾದೋರಿದಾರೆ, ಕೈಲಾಗ್ತಿಲ್ಲ ಅಂದ್ರೆ, ಮರಿ ಚಿಕ್ಕದಿರೋವಾಗಲೇ ಗೊತ್ತಿರೋ ಒಳ್ಳೆ ಮನೆಗೆ ಒಂದನ್ನ ಕೊಡಿ. ಅದರಲ್ಲಿ ಪಾಪ ಇಲ್ಲ. ಕತ್ತಲಲ್ಲಿ ಕಾರಲ್ಲಿ ಬಿಟ್ಟು ಬರೋದು ಪಾಪ.

ನಮ್ಮ ವಾರಗಿತ್ತಿಗೆ ಮತ್ತೆ ಫೋನ್ ಮಾಡಿ ಇಷ್ಟೇ ಹೇಳ್ದೆ: ಒಂದು ಮರಿ ತಗೊಂಡು ಬಾ. ಅದಕ್ಕೆ ಒಂದೂವರೆ ವರ್ಷ ಆಗಿ, "ಬಾ" ಅಂದ್ರೆ ಬಂದು, "ಕೂರು" ಅಂದ್ರೆ ಕೂತ ಮೇಲೆ ಎರಡನೇದರ ಮಾತು. ಆವಾಗ ದೊಡ್ಡದೇ ಚಿಕ್ಕದಕ್ಕೆ ಅರ್ಧ ಹೇಳ್ಕೊಡುತ್ತೆ. ಇನ್ನೊಂದು ಮರಿ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ಲು. ನಿಮ್ಮಲ್ಲಿ ಯಾರಿಗಾದ್ರೂ ಒಂದು ಬೇಕಾದ್ರೆ, ಮನೆಯೋರನ್ನೆಲ್ಲಾ ಕೂರಿಸಿ, ಬೆಳಿಗ್ಗೆ ಹಗ್ಗ ಹಿಡಿಯೋರು ಯಾರು ಅಂತ ಮೊದಲು ಕೇಳಿ, ಆಮೇಲೆ ನನಗೆ ತಿಳಿಸಿ. ಹೆಣ್ಣು ಮರಿ, ಕಂದು ಬಣ್ಣ, ಹಣೆ ಮೇಲೆ ಬಿಳಿ ಚುಕ್ಕೆ ಇದೆಯಂತೆ.