ಹುರುಪೆ ಇಲ್ಲ ಎಂಬ ಮಾತಿನ ಅರ್ಥ

ಕ್ಯಾಟ್‌ಫಿಶ್ ಹಿಡಿದವರಿಗೆ ಗೊತ್ತು, ಅದರ ಮೈಗೆ ಹುರುಪೆ ಇಲ್ಲ, ಕೈಯಿಂದ ಜಾರುತ್ತದೆ. ಈ ಸಂಗತಿಯನ್ನು ಒಬ್ಬ ಪ್ರಾಣಿಶಾಸ್ತ್ರಜ್ಞ ‘ಹುರುಪೆ ಇಲ್ಲ’ ಎಂದು ಬರೆದರೆ ಇನ್ನೊಬ್ಬ ‘ಬರಿ ಚರ್ಮ’ ಎಂದು ಬರೆಯಬಹುದು. ಓದುವವರಿಗೆ ಎರಡೂ ಒಂದೇ. ಅಕ್ಷರಗಳನ್ನಷ್ಟೇ ಹೋಲಿಸುವ ಕಂಪ್ಯೂಟರಿಗೆ ಮಾತ್ರ ಅವು ಎರಡು.

ಇತ್ತ ಜೀಬ್ರಾ ಮೀನನ್ನು ನೋಡಿ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ವರ್ಣಿಸಿದ, ನಮ್ಮ ನದಿಗಳ ಈ ಪುಟ್ಟ ಮೀನು ಇಂದು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಅದರಲ್ಲಿ ‘ಇಡಿಎ’ ಎಂಬ ಜೀನ್ ಕೆಟ್ಟರೆ ಹುರುಪೆ ಸರಿಯಾಗಿ ಮೂಡುವುದಿಲ್ಲ. ಹಾಗಾದರೆ ಕ್ಯಾಟ್‌ಫಿಶ್ ವಂಶ ಹುರುಪೆ ಕಳೆದುಕೊಂಡದ್ದರಲ್ಲೂ ಈ ಜೀನಿನ ಪಾತ್ರವಿದೆಯೇ? ಪ್ರಶ್ನೆ ಸಹಜವಾದದ್ದೇ. ಆದರೆ ಮೀನುಗಳನ್ನು ವರ್ಣಿಸುವ ಸಂಗ್ರಹಾಲಯದವರ ಬರಹ ಒಂದು ಕಣಜದಲ್ಲಿ, ತಳಿವಿಜ್ಞಾನಿಗಳ ಬರಹ ಇನ್ನೊಂದು ಕಣಜದಲ್ಲಿ ಉಳಿದಿತ್ತು.

ಅಮೆರಿಕದಲ್ಲಿ 2007ರಲ್ಲಿ ಶುರುವಾದ ‘ಫೀನೋಸ್ಕೇಪ್’ ಯೋಜನೆ ಇವೆರಡನ್ನೂ ಬೆಸೆಯಿತು. ಪ್ರತಿ ವರ್ಣನೆಯನ್ನೂ ಅದು ಎರಡಾಗಿ ಬಿಡಿಸುತ್ತದೆ: ಯಾವ ಅಂಗ, ಅದು ಹೇಗಿದೆ. ಅಂಗಕ್ಕೆ ‘ಉಬೆರಾನ್’ ಪದಕೋಶದ ಗುರುತು, ಗುಣಕ್ಕೆ ‘ಪ್ಯಾಟೊ’ದ ಗುರುತು. ಇಂಥ ಪದಕೋಶವನ್ನು ಆಂಟಾಲಜಿ ಎನ್ನುತ್ತಾರೆ. ಇಲ್ಲಿ ಪದಗಳ ಜೊತೆಗೆ ಅವುಗಳ ನಂಟೂ ದಾಖಲಾಗಿರುತ್ತದೆ. ಬೆರಳು ಕೈಯ ಭಾಗ ಎಂದು ಬರೆದಿದ್ದರೆ, ಯಾರೋ ಬೆರಳಿನ ಉದ್ದ ಹೇಳಿದಾಗ ಆ ಪ್ರಾಣಿಗೆ ಕೈ ಇದೆ ಎಂಬುದನ್ನು ಯಂತ್ರವೇ ತಿಳಿದುಕೊಳ್ಳುತ್ತದೆ. ಯಾವ ಲೇಖಕರೂ ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿಗಳು ಹೀಗೆ ಹೊರಬಿದ್ದಿವೆ. ನನ್ನ ದೃಷ್ಟಿಯಲ್ಲಿ ಈ ತಂತ್ರದ ದೊಡ್ಡ ಲಾಭ ಇದೇ.

ಇನ್ನು ವರ್ಣನೆಗಳನ್ನು ಓದಿ ಗುರುತು ಕೊಡುವ ಕೆಲಸವನ್ನೂ ಯಂತ್ರಕ್ಕೇ ಬಿಡೋಣ ಎನ್ನುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಫೀನೋಸ್ಕೇಪ್ ತಂಡವೇ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದೇ ವರ್ಣನೆಗೆ ಪರಿಣತರು ಕೊಟ್ಟ ಗುರುತುಗಳೇ ಪೂರ್ತಿ ಹೊಂದಲಿಲ್ಲ. ಯಂತ್ರ ಕೊಟ್ಟವು ಪರಿಣತರಿಂದ ಇನ್ನೂ ದೂರ ಉಳಿದವು. ಅದು ಆಗುವಂಥದ್ದೇ. ‘ಮೂಳೆ ಉದ್ದ’ ಎಂದರೆ ಯಾವುದಕ್ಕಿಂತ ಉದ್ದ? ಬರೆದವರ ಮನಸ್ಸಿನಲ್ಲಿದ್ದ ಹೋಲಿಕೆ ವಾಕ್ಯದಲ್ಲಿ ಇರುವುದಿಲ್ಲ. ಎರಡು ಪ್ರಾಣಿಗಳ ಅಂಗಕ್ಕೆ ಒಂದೇ ಗುರುತು ಸಿಕ್ಕಿತೆಂದು ಅವು ಒಂದೇ ಮೂಲದಿಂದ ಬಂದವು ಎಂದೂ ಆಗದು. ಅದನ್ನು ಬೇರೆಯಾಗಿ ಸಾಧಿಸಿ ತೋರಿಸಬೇಕು. ಆದ್ದರಿಂದ ಗುರುತಿನ ಪಕ್ಕದಲ್ಲಿ ಮೂಲ ವಾಕ್ಯ ಇರಲೇಬೇಕು, ಗುರುತು ಕೊಟ್ಟವರ ಹೆಸರೂ ಇರಬೇಕು. ಗುರುತು ಕೊಡುವ ಆ ಓದು ಗುಮಾಸ್ತಿಕೆಯಲ್ಲ, ವಿಜ್ಞಾನವೇ.

ಪಶ್ಚಿಮ ಘಟ್ಟದ ಹೊಸ ಕಪ್ಪೆ, ಹೊಸ ಮೀನುಗಳನ್ನು ಇಂದಿಗೂ ವರ್ಣಿಸುತ್ತಿರುವ ಸಂಶೋಧಕರಲ್ಲಿ ಒಂದು ಮನವಿ: ಮಾದರಿ ನಿಮ್ಮ ಕಣ್ಣೆದುರು ಇರುವಾಗಲೇ ಅಂಗಗಳ ಗುರುತನ್ನೂ ನೀವೇ ಬರೆದುಬಿಡಿ.