ಹಡಗು ಹತ್ತೋದು ಕೆ.ಆರ್. ಪುರದಲ್ಲೇ

ಭಾಗ 1

ಕ್ಲಾಸ್ ಗ್ರೂಪಿನಲ್ಲಿ ಪೋಲ್ ಓಡ್ತಾ ಇದೆ. ಫೈನಲ್ ಇಯರ್ ಟ್ರಿಪ್‌ಗೆ ಗೋಕರ್ಣನಾ, ಗೋವಾನಾ, ಕ್ರೂಸಾ? ಕ್ರೂಸ್ ಗೆಲ್ತಾ ಇದೆ. ರೀಲ್ಸ್ ನೋಡಿದವರಿಗೆ ಆಸೆ ಆಗೋದು ಸಹಜ. ಡೆಕ್ಕು, ಈಜುಕೊಳ, ಸೂರ್ಯ ಮುಳುಗೋ ಹೊತ್ತು, ಕೈಯಲ್ಲೊಂದು ಗ್ಲಾಸು. ಹೋಗ್ಬೇಡಿ ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ. ಆದ್ರೆ ರೀಲ್ಸ್‌ನಲ್ಲಿ ಯಾರೂ ತೋರಿಸದ ಕೆಲವು ವಿಷಯ ಇವೆ. ಒಂದು ರೈಲಿನದ್ದು, ಒಂದು ದುಡ್ಡಿನದ್ದು, ಇನ್ನೊಂದು ನಮ್ಮನಮ್ಮಲ್ಲೇ ಮಾತಾಡ್ಕೊಳ್ಳದೆ ಉಳಿದಿರೋದು. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಭೂಗೋಳ. ಬೆಂಗಳೂರಿಗೆ ಸಮುದ್ರ ಇಲ್ಲ. ಹತ್ತಿರದ ಕ್ರೂಸ್ ಬಂದರು ಚೆನ್ನೈ, ಸುಮಾರು 350 ಕಿಲೋಮೀಟರ್. ಆಮೇಲೆ ಕೊಚ್ಚಿ, ಅದಾದ ಮೇಲೆ ಮುಂಬೈ. ನಮ್ಮದೇ ರಾಜ್ಯದ ಪಣಂಬೂರಿನಲ್ಲಿರೋ ನವ ಮಂಗಳೂರು ಬಂದರಿಗೂ ವಿದೇಶಿ ಪ್ರವಾಸಿ ಹಡಗುಗಳು ಬರ್ತವೆ ನಿಜ. ಆದ್ರೆ ಬಂದವರು ಬೆಳಿಗ್ಗೆ ಇಳಿದು ಕುದ್ರೋಳಿ ದೇವಸ್ಥಾನ, ಸೇಂಟ್ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡ್ಕೊಂಡು ಸಂಜೆ ಅದೇ ಹಡಗು ಹತ್ತಿ ಹೊರಟುಹೋಗ್ತಾರೆ. ನಾವು ದಡದಲ್ಲಿ ನಿಂತು ಫೋಟೋ ತೆಗೀಬೇಕಷ್ಟೆ.

ಹಾಗಾಗಿ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ ಕಡೆಯ ನಮಗೆಲ್ಲ ಹಡಗಿನ ಪ್ರಯಾಣ ಶುರುವಾಗೋದು ರೈಲ್ವೆ ಪ್ಲಾಟ್‌ಫಾರ್ಮಲ್ಲಿ. ಇದೇನು ಹೊಸದಲ್ಲ. ಜೋಲಾರ್‌ಪೇಟೆಯಿಂದ ಕಂಟೋನ್ಮೆಂಟ್‌ಗೆ ರೈಲು ಬಂದಿದ್ದು 1864ರಲ್ಲಿ. ಅವತ್ತಿಂದಾನೇ ಈ ಕಡೆಯವರು ಮದ್ರಾಸಿಗೆ ಹೋಗಿ ಹಡಗು ಹತ್ತಬಹುದಿತ್ತು.

ಭಾಗ 2

ಫೋಟೋದಲ್ಲಿರೋದು ಕೆ.ಆರ್. ಪುರದ ತೂಗು ಸೇತುವೆ. ಹಡಗು ತಪ್ಪಿಸ್ಕೊಳ್ಳೋದಕ್ಕೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ನನ್ನ ನಿಯಮ ಒಂದೇ: ಹಡಗು ಹೊರಡೋ ದಿನ ಬೆಂಗಳೂರು ಬಿಡಬೇಡಿ. ಹಿಂದಿನ ದಿನವೇ ಬಂದರಿನ ಊರು ಸೇರಿ. ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನಕ್ಕೆ ಚೆನ್ನೈ, ಹಡಗು ಸಂಜೆಗೆ ತಾನೇ ಅಂತ ಲೆಕ್ಕ ಹಾಕೋರಿದ್ದಾರೆ. ಲೆಕ್ಕ ಕಾಗದದ ಮೇಲೆ ಸರಿ. ಆದ್ರೆ ಟಿಕೆಟ್ಟಲ್ಲಿ ಬರೆದಿರೋ ಸಂಜೆಯ ಹೊತ್ತು ಹಡಗು ಹೊರಡೋದು, ಚೆಕ್-ಇನ್ ಬಾಗಿಲು ಅದಕ್ಕಿಂತ ಬಹಳ ಮುಂಚೆ ಮುಚ್ಚುತ್ತೆ. ಪ್ರಯಾಣಿಕರ ಪಟ್ಟಿ ಬಂದರಿಗೆ ಕೊಟ್ಟಾದ ಮೇಲೆ ನೀವು ಗೇಟಲ್ಲಿ ನಿಂತು ಅತ್ರೂ ಅಷ್ಟೇ. ಸಾವಿರಾರು ಜನ ಒಳಗೆ ಕೂತಿರೋವಾಗ ಆರು ಹುಡುಗರಿಗೋಸ್ಕರ ಹಡಗು ನಿಲ್ಲಿಸೋ ಕ್ಯಾಪ್ಟನ್ ಎಲ್ಲೂ ಇಲ್ಲ. ದುಡ್ಡೂ ವಾಪಸ್ ಬರಲ್ಲ. ರೈಲು ಲೇಟಾದ್ರೆ ಅದು ರೈಲ್ವೆಗೂ ನಿಮಗೂ ಇರೋ ಜಗಳ, ಹಡಗಿನವರಿಗೆ ಸಂಬಂಧ ಇಲ್ಲ. ಒಂದು ರಾತ್ರಿಯ ಲಾಡ್ಜ್ ಖರ್ಚನ್ನ ಇನ್ಶೂರೆನ್ಸ್ ಅಂದ್ಕೊಳ್ಳಿ.

ಚೆನ್ನೈ ಆದ್ರೆ ಬೃಂದಾವನ, ವಂದೇ ಭಾರತ್, ಶತಾಬ್ದಿ ಇವೆ. ಎಲ್ಲಿ ಹತ್ತಬೇಕು ಅನ್ನೋದು ಮಾತ್ರ ನೋಡ್ಕೊಳ್ಳಿ. ಎಲ್ಲಾ ರೈಲೂ ಕೆ.ಆರ್. ಪುರದಲ್ಲಿ ನಿಲ್ಲಲ್ಲ. ಕಂಟೋನ್ಮೆಂಟ್ ಸ್ಟೇಷನ್ ಹೊಸದಾಗಿ ಕಟ್ತಾ ಇರೋದ್ರಿಂದ 2024ರಲ್ಲಿ ಎಷ್ಟೋ ರೈಲುಗಳು ತಿಂಗಳುಗಟ್ಟಲೆ ಅಲ್ಲಿ ನಿಲ್ಲದೇ ಹೋಗಿದ್ವು. ಬುಕ್ ಮಾಡೋ ದಿನವೂ ನೋಡಿ, ಹೊರಡೋ ಹಿಂದಿನ ದಿನವೂ ನೋಡಿ. ಇಂದಿರಾನಗರ, ಹಲಸೂರಿನವರು ಆಟೋದಲ್ಲಿ ಟಿನ್ ಫ್ಯಾಕ್ಟರಿ ಕಡೆ ಹೋಗೋ ಧೈರ್ಯ ಮಾಡ್ಬೇಡಿ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರಕ್ಕೆ ನೇರವಾಗಿ ಹೋಗುತ್ತೆ. ಟ್ರಾಲಿ ಬ್ಯಾಗ್ ಎಳ್ಕೊಂಡು ಹತ್ತಿ.

ಕೊಚ್ಚಿ ಆದ್ರೆ ನನಗೆ ಇಷ್ಟವಾದ ರೈಲು ಕನ್ಯಾಕುಮಾರಿ ಎಕ್ಸ್‌ಪ್ರೆಸ್. ರಾತ್ರಿ ಹತ್ತಿದ್ರೆ ಬೆಳಿಗ್ಗೆ ಎರ್ನಾಕುಲಂ. ಮನೆಯಲ್ಲಿ ತಾತ ಇದ್ರೆ ಕೇಳಿ ನೋಡಿ, ಅವರು ಇದನ್ನ ‘ಐಲ್ಯಾಂಡ್ ಎಕ್ಸ್‌ಪ್ರೆಸ್’ ಅಂತಾರೆ. ಹೆಸರು ಯಾಕೆ ಅಂದ್ರೆ ಒಂದು ಕಾಲದಲ್ಲಿ ಈ ರೈಲು ಕೊಚ್ಚಿಯ ವಿಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್‌ಗೇ ಹೋಗ್ತಿತ್ತು. ಬಂದರು ತೋಡಿದ ಮಣ್ಣಿಂದ ಮಾಡಿದ ದ್ವೀಪ ಅದು. ಇವತ್ತು ಕ್ರೂಸ್ ಟರ್ಮಿನಲ್ ಇರೋದೂ ಅದೇ ದ್ವೀಪದಲ್ಲಿ. ಈಗ ರೈಲು ಅಲ್ಲಿಗೆ ಹೋಗಲ್ಲ, ಎರ್ನಾಕುಲಂನಲ್ಲಿ ಇಳಿದು ಸೇತುವೆ ದಾಟಬೇಕು. ಸೌಲಭ್ಯ ನಮ್ಮ ತಾತಂದಿರ ಕಾಲಕ್ಕಿಂತ ಹಿಂದಕ್ಕೆ ಹೋಗಿದೆ ಅಂತ ಅನ್ಸುತ್ತೆ, ಇರ್ಲಿ.

ಭಾಗ 3

ಕಾಗದ ಪತ್ರ. ಬೇಗ ಮುಗಿಸ್ತೀನಿ.

ಭಾರತದ ಬಂದರಿಂದ ಭಾರತದ ಬಂದರಿಗೆ ಹೋಗೋದಾದ್ರೆ ಸರ್ಕಾರಿ ಗುರುತಿನ ಚೀಟಿ ಸಾಕು, ಒರಿಜಿನಲ್. ಶ್ರೀಲಂಕಾ ಮುಟ್ಟಿ ಬರೋದಾದ್ರೆ ಪಾಸ್‌ಪೋರ್ಟ್ ಬೇಕೇ ಬೇಕು. 2023ರ ಜೂನ್‌ನಲ್ಲಿ ಚೆನ್ನೈಯಿಂದ ‘ಎಂಪ್ರೆಸ್’ ಹಡಗು ಶ್ರೀಲಂಕಾಕ್ಕೆ ಹೊರಡೋಕೆ ಶುರುವಾದಾಗಿಂದ ಈ ಗೊಂದಲ ಇದೆ. ‘ಚೆನ್ನೈ ಕ್ರೂಸ್’ ಅಂತ ಇರೋದೆಲ್ಲ ದೇಶದೊಳಗಿನದ್ದು ಅಂದ್ಕೋಬೇಡಿ. ಪಾಸ್‌ಪೋರ್ಟ್ ಇಲ್ಲದವರು ಈಗಲೇ ಅರ್ಜಿ ಹಾಕಿ, ಸಾಮಾನ್ಯ ಅರ್ಜಿಗೆ 1,500 ರೂಪಾಯಿ, ತತ್ಕಾಲ್ ಆದ್ರೆ ಮೇಲೆ 2,000. ಹಾಸ್ಟೆಲ್ ವಿಳಾಸ ಕೊಟ್ರೆ ಪೊಲೀಸ್ ವೆರಿಫಿಕೇಷನ್‌ಗೆ ಯಾರು ಎಲ್ಲಿಗೆ ಬರ್ತಾರೆ ಅನ್ನೋದನ್ನೂ ಯೋಚಿಸಿ.

ವಯಸ್ಸು ನೋಡಿ. ಹಿರಿಯರಿಲ್ಲದೆ ಒಂದು ಕ್ಯಾಬಿನ್ ಬುಕ್ ಮಾಡೋಕೆ ಎಷ್ಟು ವಯಸ್ಸಾಗಿರಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ, ಬಂದರಿಂದ ಬಂದರಿಗೆ ಬೇರೆ. ಎಲ್ಲೋ 18, ಎಲ್ಲೋ 21. ನಮ್ಮ ಕ್ಲಾಸಲ್ಲಿ ಇನ್ನೂ 20 ಇರೋರೇ ಜಾಸ್ತಿ. ದುಡ್ಡು ಕಟ್ಟೋಕೆ ಮುಂಚೆ ಇದನ್ನ ಕೇಳಿ, ಉತ್ತರವನ್ನ ಇಮೇಲಲ್ಲಿ ತಗೊಳ್ಳಿ. ಏಜೆಂಟ್ ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ.

ಇನ್ನೊಂದು. ನಕ್ಷೆಯಲ್ಲಿ ತೋರಿಸಿದ ಊರಲ್ಲಿ ಇಳಿದೇ ಇಳೀತೀವಿ ಅಂತ ಏನೂ ಗ್ಯಾರಂಟಿ ಇಲ್ಲ. 2022ರ ಜೂನ್‌ನಲ್ಲಿ ಚೆನ್ನೈಯಿಂದ ಹೊರಟಿದ್ದ ಕ್ರೂಸ್‌ಗೆ ಪುದುಚೇರಿಯಲ್ಲಿ ಸರ್ಕಾರ ಅನುಮತಿ ಕೊಡಲಿಲ್ಲ, ಹಡಗು ಜನರನ್ನ ಅಲ್ಲಿ ಇಳಿಸದೇ ಹೋಯ್ತು. ಹವಾಮಾನ ಕೆಟ್ರೂ ಇದೇ ಕಥೆ. ಸಾಮಾನ್ಯವಾಗಿ ಟಿಕೆಟ್ಟಿನ ನಿಯಮಗಳಲ್ಲೇ ದಾರಿ ಬದಲಾಯಿಸೋ ಹಕ್ಕು ಅವರದ್ದು ಅಂತ ಬರೆದಿರುತ್ತೆ. ಒಂದು ಊರು ನೋಡೋಕೇ ಹೋಗ್ತೀವಿ ಅನ್ನೋರು ಆ ಊರಿಗೆ ಬಸ್ಸಲ್ಲಿ ಹೋಗಿ.

ಭಾಗ 4

ಈಗ ದುಡ್ಡು. ಇದನ್ನ ಸ್ಕ್ರೋಲ್ ಮಾಡಿ ಹೋಗ್ಬೇಡಿ ಪ್ಲೀಸ್.

ಪೋಸ್ಟರಲ್ಲಿ ದಪ್ಪಕ್ಷರದಲ್ಲಿ ಇರೋ ರೇಟು ಬಾಗಿಲು ತೆಗೆಯೋ ರೇಟು. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ 20,000 ಅಂದ್ಕೊಳ್ಳೋಣ. ಅದು ಒಬ್ಬರಿಗೆ, ಕ್ಯಾಬಿನ್‌ನಲ್ಲಿ ಇಬ್ಬರು ಇರ್ತಾರೆ ಅನ್ನೋ ಲೆಕ್ಕದಲ್ಲಿ. ನಾವು ಏಳು ಜನ ಹೊರಟ್ರೆ ಕೊನೆಗೆ ಒಬ್ಬರು ಒಂಟಿಯಾಗಿ ಉಳೀತಾರೆ, ಆ ಒಬ್ಬರಿಗೆ ರೇಟು ಹೆಚ್ಚು ಕಮ್ಮಿ ದುಪ್ಪಟ್ಟು. ಇದರ ಮೇಲೆ ತೆರಿಗೆ, ಬಂದರು ಶುಲ್ಕ, ಸಿಬ್ಬಂದಿ ಟಿಪ್ಸ್. ಊಟ ಸಾಮಾನ್ಯವಾಗಿ ಸೇರಿರುತ್ತೆ, ಆದ್ರೆ ಸ್ಪೆಷಲ್ ರೆಸ್ಟೋರೆಂಟು, ಕೂಲ್ ಡ್ರಿಂಕ್ಸು, ಕೆಲವು ಶೋಗಳು, ಇಳಿದ ಊರಲ್ಲಿ ಸುತ್ತಾಡಿಸೋದು, ವೈಫೈ, ಎಲ್ಲಾ ಬೇರೆ. ಅದರ ಜೊತೆ ರೈಲು, ಲಾಡ್ಜು, ಆಟೋ, ಮತ್ತೆ ಕಮರ್ಷಿಯಲ್ ಸ್ಟ್ರೀಟಲ್ಲಿ ‘ಕ್ರೂಸ್ ಔಟ್‌ಫಿಟ್’ ಅಂತ ಒಂದು ಸಂಜೆ ಹಾರಿಹೋಗೋ ಮೂರು ಸಾವಿರ. 20,000 ಅಂತ ಹೊರಟಿದ್ದು 30,000 ದಾಟಿದ್ರೆ ಆಶ್ಚರ್ಯಪಡಬೇಡಿ.

ಹಡಗೊಳಗೆ ಕ್ಯಾಶ್ ನಡೆಯಲ್ಲ. ಕೈಗೊಂದು ಕಾರ್ಡ್ ಕೊಡ್ತಾರೆ, ಅದೇ ಬೀಗದ ಕೈ, ಅದೇ ಪರ್ಸು. ಉಜ್ಜಿದ್ದೆಲ್ಲ ಒಂದು ಖಾತೆಗೆ ಹೋಗಿ ಕೊನೇ ದಿನ ಬಿಲ್ ಬರುತ್ತೆ. ಕಂಟೋನ್ಮೆಂಟಿನ ಒಂದು ಪ್ರಸಿದ್ಧ ಬಾಕಿ ನೆನಪಾಗುತ್ತೆ: ಬೆಂಗಳೂರು ಕ್ಲಬ್ಬಿನ 1899ರ ಪುಸ್ತಕದಲ್ಲಿ ವಸೂಲಾಗದ ಸಾಲಗಳ ಪಟ್ಟಿ ಇದೆ, ಅದರಲ್ಲಿ ಲೆಫ್ಟಿನೆಂಟ್ ವಿನ್‌ಸ್ಟನ್ ಚರ್ಚಿಲ್ ಹೆಸರಲ್ಲಿ 13 ರೂಪಾಯಿ. ಆಸಾಮಿ ಕಟ್ಟದೇ ಹೋದ, ಮುಂದೆ ಪ್ರಧಾನಿ ಆದ. ಹಡಗಲ್ಲಿ ಆ ಆಟ ನಡೆಯಲ್ಲ, ಲೆಕ್ಕ ತೀರಿಸದೆ ಇಳಿಸಲ್ಲ. ದಿನಾ ರಾತ್ರಿ ರಿಸೆಪ್ಷನ್‌ಗೆ ಹೋಗಿ ಆವತ್ತಿನ ಬಿಲ್ ಕೇಳಿ. ನಾಚಿಕೆ ಪಡೋಕೆ ಅಲ್ಲೇನೂ ಇಲ್ಲ.

ಫೋನ್ ಏರೋಪ್ಲೇನ್ ಮೋಡಲ್ಲಿ ಹಾಕಿ. ದಡ ಮರೆಯಾದ ಮೇಲೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡ್ಕೊಂಡು ಕೂತ್ರೆ ರೋಮಿಂಗ್ ರೇಟು ಬೇರೆ ಲೋಕದ್ದು. ಅಮ್ಮನಿಗೆ ಮುಂಚೇನೇ ಹೇಳಿಬಿಡಿ, ‘ನಾಳೆ ಸಂಜೆವರೆಗೂ ಫೋನ್ ಸಿಗಲ್ಲಮ್ಮ’ ಅಂತ. ಹೇಳದಿದ್ರೆ ರಾತ್ರಿ ಹತ್ತಕ್ಕೆ ನನಗೆ ಫೋನ್ ಬರುತ್ತೆ.

ಕ್ಯಾಬಿನ್ ವಿಷಯಕ್ಕೆ ನನ್ನ ಅಭಿಪ್ರಾಯ: ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ತಗೊಳ್ಳಿ. ಮಲಗೋಕೆ ಅಷ್ಟೇ ತಾನೇ ಬೇಕು? ಸಮುದ್ರ ಡೆಕ್ ಮೇಲೆ ಫ್ರೀ. ಸಾಧ್ಯ ಆದ್ರೆ ಕೆಳಗಿನ ಮಹಡಿ, ಹಡಗಿನ ಮಧ್ಯಭಾಗ ಕೇಳಿ. ಉಯ್ಯಾಲೆಯ ತುದಿಗಿಂತ ನಡುವೆ ಕೂತವರಿಗೆ ಕುಲುಕಾಟ ಕಮ್ಮಿ ಅಲ್ವಾ, ಅದೇ ಲೆಕ್ಕ.

ಭಾಗ 5

ಹಡಗು ಹತ್ತೋವಾಗ ದೊಡ್ಡ ಬ್ಯಾಗನ್ನ ಅವರೇ ತಗೋತಾರೆ, ಕ್ಯಾಬಿನ್‌ಗೆ ಬರೋಕೆ ಗಂಟೆಗಟ್ಟಲೆ ಆಗಬಹುದು. ಗುರುತಿನ ಚೀಟಿ, ಮಾತ್ರೆ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ವಾಂತಿ ಬರೋ ಅಭ್ಯಾಸ ಇರೋರು (ಮಡಿಕೇರಿ ಬಸ್ಸಲ್ಲಿ ಯಾರು ಅಂತ ಎಲ್ರಿಗೂ ಗೊತ್ತು) ಡಾಕ್ಟರ್ ಹತ್ರ ಕೇಳಿ ಮಾತ್ರೆ ತಗೊಂಡು ಹೋಗಿ. ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ನುಂಗಿದ್ರೆ ಪ್ರಯೋಜನ ಕಮ್ಮಿ, ಮುಂಚೇನೇ ನುಂಗ್ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮಳೆಗಾಲದ ಮೂಡಲ್ಲಿರುತ್ತೆ, ಅಗ್ಗ ಅಂತ ಆಗ ಹೋಗ್ಬೇಡಿ.

ಲೈಫ್ ಜಾಕೆಟ್ ಡ್ರಿಲ್ಲಿಗೆ ಕರೆದಾಗ ಸೆಲ್ಫಿ ಬಿಟ್ಟು ಹೋಗಿ. 2012ರ ಜನವರಿ 13ರಂದು ಇಟಲಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ತಾಗಿ ವಾಲಿ 32 ಜನ ಸತ್ರು. ಆವತ್ತು ಸಂಜೆ ತಾನೇ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮವೇ ಬದಲಾಯ್ತು, ಈಗ ಹೊರಡೋಕೆ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು.

ನನ್ನ ವೋಟು ಯಾವುದಕ್ಕೆ ಅಂತ ಕೇಳಿದ್ರೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗೋ ಹಡಗಿಗೆ. ಅದು ಕ್ಯಾಸಿನೋ ಇರೋ ಹಡಗಲ್ಲ, ದ್ವೀಪದ ಜನ ಅಕ್ಕಿಮೂಟೆ, ಮಗು, ಸೂಟ್‌ಕೇಸ್ ಸಮೇತ ಓಡಾಡೋ ಸರ್ಕಾರಿ ಹಡಗು. ಅದರಲ್ಲೇ ಪ್ರವಾಸಿಗಳಿಗೆ ‘ಸಮುದ್ರಂ’ ಅನ್ನೋ ಪ್ಯಾಕೇಜ್ ಇದೆ: ಕವರತ್ತಿ, ಕಲ್ಪೇನಿ, ಮಿನಿಕಾಯ್. ರಾತ್ರಿ ಹಡಗಲ್ಲಿ ನಿದ್ದೆ, ಹಗಲು ದ್ವೀಪದಲ್ಲಿ. ಪ್ರವೇಶ ಪರವಾನಗಿ ಮುಂಚಿತವಾಗಿ ಮಾಡಿಸಬೇಕು, ಪರೀಕ್ಷೆ ಮುಗಿದ ಮಾರನೇ ದಿನ ನೆನಪಾದ್ರೆ ಆಗಲ್ಲ. ಹೋಗೋ ಈ ದ್ವೀಪಗಳಲ್ಲಿ ಮದ್ಯ ಇಲ್ಲ, ಪೋಲ್‌ನಲ್ಲಿ ಕೆಲವರ ವೋಟು ಇಲ್ಲೇ ಕಡಿಮೆ ಆಗುತ್ತೆ ಅಂತ ಗೊತ್ತು.

ಅಲ್ಲಿ ಹವಳದ ದಿಬ್ಬದ ಆಚೆ ಹಡಗು ನಿಲ್ಲುತ್ತೆ, ಸಣ್ಣ ದೋಣಿಗೆ ಇಳೀಬೇಕು. ಮತ್ತೆ ಚರ್ಚಿಲ್. 1896ರಲ್ಲಿ, 21 ವರ್ಷದವನಾಗಿದ್ದಾಗ, ನಮ್ಮ ಕಂಟೋನ್ಮೆಂಟಿಗೆ ಬರೋ ದಾರಿಯಲ್ಲಿ ಮುಂಬೈನ ಸಸೂನ್ ಡಾಕ್‌ನಲ್ಲಿ ಸಣ್ಣ ದೋಣಿಯಿಂದ ಗೋಡೆಯ ಕಬ್ಬಿಣದ ಬಳೆಗೆ ಕೈ ಹಾಕಿದ. ಅಷ್ಟರಲ್ಲಿ ಅಲೆ ದೋಣಿಯನ್ನ ಕೆಳಕ್ಕೆ ಎಳೀತು. ಕಿತ್ತ ಭುಜ ಆಯುಷ್ಯಪೂರ್ತಿ ಕಾಟ ಕೊಡ್ತು, ಪೋಲೋ ಆಡೋವಾಗ ತೋಳು ಕಟ್ಕೊಂಡು ಆಡ್ತಿದ್ದ. ಹಾಗಾಗಿ ಫೋನು ಜೇಬಲ್ಲಿ, ಬ್ಯಾಗು ಬೆನ್ನಿಗೆ, ಎರಡೂ ಕೈ ಖಾಲಿ. ದೋಣಿ ಮೇಲೆದ್ದು ಬಂದಾಗ ಕಾಲಿಡಿ, ಇಳಿಯೋವಾಗ ಬೇಡ. ನಾವಿಕ ಕೈ ಕೊಟ್ರೆ ಬೆರಳು ಹಿಡೀಬೇಡಿ, ಮಣಿಕಟ್ಟು ಹಿಡೀರಿ.

ಭಾಗ 6

ಕೊನೇದು, ಇದಕ್ಕೇ ಇಷ್ಟೆಲ್ಲ ಬರೆದಿದ್ದು.

ನಮ್ಮ ಬೆಂಚುಗಳಲ್ಲಿ 100 ಅಡಿ ರಸ್ತೆಯಲ್ಲಿ ಕಟ್ಟಡ ಬಾಡಿಗೆಗೆ ಕೊಟ್ಟಿರೋ ಮನೆಯವರೂ ಇದ್ದಾರೆ, ರಸೆಲ್ ಮಾರ್ಕೆಟ್ ಪಕ್ಕ ತಳ್ಳುಗಾಡಿ ಇಟ್ಕೊಂಡಿರೋ ಮನೆಯವರೂ ಇದ್ದಾರೆ. ಪೋಲ್‌ನಲ್ಲಿ ಇಬ್ಬರೂ ಕ್ರೂಸ್ ಅಂತಲೇ ಒತ್ತುತ್ತಾರೆ, ಯಾಕಂದ್ರೆ ಯಾರು ಏನು ಒತ್ತಿದ್ರು ಅಂತ ಎಲ್ರಿಗೂ ಕಾಣುತ್ತೆ. ಆಮೇಲೆ ಒಬ್ಬರು ಕೊನೇ ವಾರ ‘ಮನೇಲಿ ಫಂಕ್ಷನ್ ಇದೆ’ ಅಂತ ಬಿಡ್ತಾರೆ. ಇಲ್ಲಾ ಆ್ಯಪಲ್ಲಿ ಸಾಲ ತಗೊಂಡು ಬರ್ತಾರೆ, ಆರು ತಿಂಗಳು ಇಎಂಐ ಕಟ್ತಾ ಕ್ಯಾಂಟೀನಿಗೆ ಬರೋದು ನಿಲ್ಲಿಸ್ತಾರೆ. ಎರಡೂ ನಡೆಯೋದನ್ನ ನಾವೆಲ್ಲ ನೋಡಿದ್ದೀವಿ, ನೋಡಿಲ್ಲ ಅನ್ನೋ ಹಾಗೆ ಇದ್ದೀವಿ.

ಪೋಲ್ ತೆಗೆದುಬಿಡಿ. ಪ್ರತಿಯೊಬ್ಬರೂ ತಮ್ಮಿಂದ ಆಗೋ ಪೂರ್ತಿ ಮೊತ್ತವನ್ನ, ರೈಲಿಂದ ಟಿಪ್ಸ್‌ವರೆಗೆ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಹೆಸರಿಲ್ಲದೆ ಡಬ್ಬಿಗೆ ಹಾಕಲಿ. ಎಲ್ಲಕ್ಕಿಂತ ಕಡಿಮೆ ಇರೋ ಸಂಖ್ಯೆ ಯಾವುದೋ ಅದೇ ಟ್ರಿಪ್ಪಿನ ಬಜೆಟ್. ಸರಾಸರಿ ತೆಗೀಬೇಡಿ, ಸರಾಸರಿಯಲ್ಲಿ ಕಡಿಮೆ ಇರೋನು ಮುಳುಗ್ತಾನೆ. ‘ಅವನದ್ದು ನಾವು ಹಾಕೋಣ’ ಅನ್ನೋದೂ ಬೇಡ, ಕೇಳೋಕೆ ಚೆನ್ನಾಗಿರುತ್ತೆ, ಟ್ರಿಪ್ ಪೂರ್ತಿ ಅವನು ಫೋಟೋ ತೆಗೆಯೋನಾಗಿ ಉಳೀತಾನೆ.

ಚೀಟಿಯಲ್ಲಿ 30,000 ಬಂದ್ರೆ ಹಡಗು. 4,000 ಬಂದ್ರೆ ಐಲ್ಯಾಂಡ್ ಎಕ್ಸ್‌ಪ್ರೆಸ್‌ನ ಸ್ಲೀಪರ್, ಎರಡು ದಿನ ಕೊಚ್ಚಿ. ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ದೋಣಿ ಇದೆ, ಟಿಕೆಟ್ ಒಂದು ಟೀ ದುಡ್ಡು. ದಾರಿಯಲ್ಲಿ ಬಲಕ್ಕೂ ಎಡಕ್ಕೂ ಹಡಗುಗಳೇ. ಕೂದಲು ಹಾರೋಕೆ ಬೇಕಾದಷ್ಟು ಗಾಳಿನೂ ಇರುತ್ತೆ.

ಡಬ್ಬಿ ನಾನು ತರ್ತೀನಿ. ಸೋಮವಾರ, ಲಂಚ್ ಬ್ರೇಕಲ್ಲಿ.

#ಕ್ರೂಸ್‌ಲೆಕ್ಕ #ಕೆಆರ್‌ಪುರದಿಂದ_ಕಡಲಿಗೆ #ಕಂಟೋನ್ಮೆಂಟ್_ಡೈರಿ